ಸೀಮೆಸುಣ್ಣದ ಪೋಡು

ಶನಿವಾರ ನಾಲ್ಕನೇ ತರಗತಿಯ ಬೀಗ ತೆಗೆದಾಗ
ಕರಿಹಲಗೆಯ ಮೇಲಿನ್ನೂ ಶುಕ್ರವಾರದ ಭಾಗಾಕಾರ,
ಶೇಷ ಬರೆದಿರಲಿಲ್ಲ.
ಅದರ ಕೆಳಗೆ ಬಂದು ಕೂತರು
ನೆಲ್ಲಿಬಾರೆಯ ಇಪ್ಪತ್ತಮೂರು ಮನೆಯವರು,
ಹುಬ್ಬು ಸುಟ್ಟವರು, ಒಂದೇ ಕಾಲಿಗೆ ಚಪ್ಪಲಿಯವರು,
ಒಂದು ರೇಡಿಯೋ, ಎರಡು ಕೋಳಿ,
ಬೀಸುಕಲ್ಲಿನ ಮೇಲಿನ ಹೋಳು ಮಾತ್ರ
ಹೆಗಲ ಮೇಲೆ ಹೊತ್ತ ಬೊಮ್ಮಿ.
"ಕೆಳಗಿಂದು ಭಾರ ಮೇಷ್ಟ್ರೇ, ಅಲ್ಲೇ ಇರ್ತದೆ.
ಕಲ್ಲು ಎಲ್ಲಿಗೆ ಹೋದಾತು."

ತಾಳವಾಡಿಯ ಈ ಕನ್ನಡ ಶಾಲೆಯಲ್ಲಿ
ಮೂರು ದಿನದಿಂದ ಹೊಗೆಯೇ ಹಾಜರಿ ಹಾಕುತ್ತಿತ್ತು.
ಬೆಟ್ಟದಲ್ಲಿ ಎದೆಯೆತ್ತರ ಒಣಗಿದ ಲಂಟಾನ,
ಹೂಬಿಟ್ಟು ಸತ್ತ ಬಿದಿರು ಮೆಳೆ ಮೆಳೆ.
ಗಿಣ್ಣು ಸಿಡಿಯುವ ಸದ್ದಿಗೆ
ಯಾರದೋ ಮದುವೆ ಇರಬೇಕು ಅಂದುಕೊಂಡೆವು, ಪೇಟೆಯವರು.

ಮೊದಲ ರಾತ್ರಿ ಯಾರಿಗೂ ನಿದ್ದೆಯಿಲ್ಲ.
ನೆಲವಿತ್ತು, ಸೂರಿತ್ತು, ಫ್ಯಾನೂ ಇತ್ತು,
ಯಾರ ಪಕ್ಕ ಯಾರು ಎಂಬುದಿರಲಿಲ್ಲ.
ಮಾರನೆಯ ದಿನ ಐದನೇ ಕ್ಲಾಸಿನ ಜಡೆಮಾದಿ
ನನ್ನ ಮೇಜಿನಿಂದ ಸೀಮೆಸುಣ್ಣ ಕದ್ದು
(ಕದ್ದಳೆಂದು ಹೇಳಬಾರದು, ನೋಡಿಯೂ ಸುಮ್ಮನಿದ್ದೆ)
ನೆಲದ ಮೇಲೆ ಗೆರೆ ಎಳೆಯತೊಡಗಿದಳು.

ಕಿಟಕಿಯ ಕಡೆ ಹಳ್ಳ.
ಹಳ್ಳಕ್ಕೆ ಬೆನ್ನು ಹಾಕಿ ಕೇತಜ್ಜಿ.
ಬಾಗಿಲ ಬಳಿ, ಆನೆ ಬಂದರೆ ಮೊದಲು ಕಾಣುವ ಕುಂಬೇಗೌಡ.
ಒಂದು ಹಲಸಿನ ಮರಕ್ಕೆ ಜಗಳಾಡಿ
ಹನ್ನೊಂದು ವರ್ಷ ಮಾತುಬಿಟ್ಟ ಅಣ್ಣ ತಮ್ಮಂದಿರ ನಡುವೆ
ಮೊಳದಗಲ ಓಣಿ.
ಓಣಿ ಕಿರಿದಾಯಿತೆಂದು ಇಬ್ಬರೂ ಒಟ್ಟಿಗೇ ಕೂಗಿದರು.
ಹಲಸಿಗೊಂದು ಸೊನ್ನೆ.
ದೇವರ ಕಲ್ಲಿಗೆ ನನ್ನ ಡಸ್ಟರು.

ಆಮೇಲೆ ಗೆರೆ ಗೋಡೆಯಾಯಿತು.
ಹೊರಗೆ ನಿಂತು ಕರೆಯದೆ ಯಾರೂ ಒಳಗೆ ಕಾಲಿಡಲಿಲ್ಲ.
ಬಾಗಿಲಿಗೆಂದು ಗೆರೆ ಬಿಟ್ಟ ಕಡೆಯಲ್ಲೇ
ತಲೆ ಬಗ್ಗಿಸಿ ನುಸುಳಿದರು,
ಇಲ್ಲದ ಚೌಕಟ್ಟು ತಗಲದಂತೆ.
ಮೂಲೆಯ ಮನೆಯೊಂದನ್ನು ಬರೆದು ಖಾಲಿ ಬಿಟ್ಟರು.
ಅದು ಸಿದ್ದಮ್ಮನದು. ಮೇಕೆ ಬಿಚ್ಚಲು ಹಿಂದಕ್ಕೆ ಓಡಿದವಳು.
ಮೇಕೆಗಳು ಬಂದವು.

ಕಂದಾಯದವರು ತಮಿಳಿನ ಅರ್ಜಿ ತಂದರು.
ನಾನು ಓದಿ ಹೇಳಿದೆ: ಕದದ ನಂಬರು?
ಕುಂಬೇಗೌಡ ದಾನದ ಮೂಟೆಯಲ್ಲಿ ಬಂದ
ಕೊಯಮತ್ತೂರಿನ ಯಾವನೋ ಮದುಮಗನ ಕೋಟು ತೊಟ್ಟಿದ್ದ,
ಬರಿ ಮೈಮೇಲೆ.
ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತು ಅಂದ:
"ನೆಲ್ಲಿ ದಾಟಿ ಎಡಕ್ಕೆ, ಜೇನು ಕಟ್ಟೋ ತಾರೆಮರದ ಎದುರು ಅಂತ ಬರ್ಕೊಳಿ."
ಮರ ಈಗ ಇದೆಯಾ?
"ಮನೆ ಅದಾ? ಇಲ್ದಿರೋ ಮನೆಗೆ ಇಲ್ದಿರೋ ಮರಾನೇ ಗುರುತು."

ಬೆಂಕಿ ಹಚ್ಚಿದವರು ಯಾರು, ಅದನ್ನೂ ಕೇಳಿದರು.
ಒಂದಿಷ್ಟು ಹೊತ್ತು ಫ್ಯಾನಿನ ಸದ್ದು.
ಆಮೇಲೆ ಕೇತಜ್ಜಿ:
"ಸುಗ್ಗಿ ಮುಗೀತಿದ್ದಂಗೆ ನಮ್ಮಪ್ಪದೀರು
ತರಗಿಗೆ ಸಣ್ಣ ಬೆಂಕಿ ಬಿಡ್ತಿದ್ರು,
ಮೊಣಕಾಲುದ್ದದ್ದು, ಮಗೀನಂಥದ್ದು,
ಇಬ್ಬನಿ ಬಿದ್ರೆ ತಾನೇ ಮಲಗೋದು.
ತಪ್ಪು ಅಂದ್ರಿ. ಬಿಟ್ಟೋ.
ಸಾಕದೆ ಬಿಟ್ಟ ಮಗ ದೊಡ್ಡವನಾಗಿ ಬಂದವ್ನೆ."
ಅರ್ಜಿಯಲ್ಲಿ ಇದಕ್ಕೆ ಜಾಗವಿರಲಿಲ್ಲ.
ನಾನು ಹಿಂಬದಿಯಲ್ಲಿ ಬರೆದೆ, ಕನ್ನಡದಲ್ಲಿ,
ಯಾರೂ ಓದಲಾರರೆಂಬ ಧೈರ್ಯದಿಂದ.

ಇಪ್ಪತ್ತು ದಿನಕ್ಕೆ ರಸ್ತೆಯಾಚೆ ತಗಡಿನ ಶೆಡ್ಡು ಎದ್ದವು,
ರೂಳುಕೋಲು ಇಟ್ಟು ಎಳೆದ ಹಾಗೆ ಒಂದೇ ಸಾಲು.
ಇಪ್ಪತ್ತೆರಡು ಸಾಕೆಂದರು ಅಧಿಕಾರಿ.
ಹಠ ಹಿಡಿದು ಇಪ್ಪತ್ತಮೂರು ಮಾಡಿಸಿದರು, ಮೇಕೆಗಳಿಗೆ.
ಚೀಟಿ ಎತ್ತಿ ಹಂಚಿದ್ದು:
ಅಣ್ಣನಿಗೆ ಎರಡು, ತಮ್ಮನಿಗೆ ಇಪ್ಪತ್ತೊಂದು.
ಈಗ ಜಗಳಕ್ಕೂ ಅಷ್ಟು ದೂರ ನಡೆಯಬೇಕು.
ನಡೆಯುತ್ತಾರೆ.

ಮರುದಿನ ಶಾಲೆ ತೆರೆಯಬೇಕಿತ್ತು.
ನೆಲ ಒರೆಸಲು ಬಂದ ಜುಲೇಖಾ
ಒದ್ದೆ ಬಟ್ಟೆ ಹಿಂಡಿ ಹಿಡಿದು ಬಾಗಿಲಲ್ಲೇ ನಿಂತಳು:
"ಯಾವ ಮನೆಯಿಂದ ಶುರು ಮಾಡಲಿ, ಸಾರ್?"

ಡಸ್ಟರು ವಾಪಸು ಬಂದಿಲ್ಲ.
ತಗಡಿನ ಸಾಲಿನ ತುದಿಯಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದೆಯಂತೆ.
ನಾನು ಹಲಗೆಯನ್ನು
ಅಂಗೈಯಲ್ಲೇ ಒರೆಸುತ್ತೇನೆ.