ಅರವತ್ತು, ನಲವತ್ತು

ಕೇಂದ್ರದ್ದು ಅರವತ್ತು, ರಾಜ್ಯದ್ದು ನಲವತ್ತು.
ಅರವತ್ತು ಬಂದದ್ದು ದೀಪಾವಳಿ ಕಳೆದು;
ನಲವತ್ತು, ಮಾರ್ಚ್ ಇಪ್ಪತ್ತೊಂಬತ್ತರ ಸಂಜೆ,
ಹಾಸನದ ಖಜಾನೆ ಬಾಗಿಲು ಹಾಕುವ ಹೊತ್ತಿಗೆ,
ಎರಡೇ ದಿನದಲ್ಲಿ ಖರ್ಚು ಮಾಡಿ ಎಂಬ ಷರಾದೊಂದಿಗೆ.

ನಾನು ಲೆಕ್ಕದ ಗುಮಾಸ್ತ. ಆಲೂಗಡ್ಡೆಯ ಬಗ್ಗೆ
ನನಗೆ ಗೊತ್ತಿರುವುದು ಪಲ್ಯದಷ್ಟೇ.
ಶಶಿರೇಖಾ ಮೇಡಂ ಬಾಟಲಿಯೊಳಗಿನ
ಉಗುರುದ್ದದ ಸಸಿಗಳಿಗೆ ಗಂಟೆ ಎಣಿಸಿ ಬೆಳಕು ಕೊಡುತ್ತ
ಅಂಗಮಾರಿ ತಡೆಯುವ ತಳಿಗೆ ಏಳು ವರ್ಷ ಬೇಕು ಅನ್ನುತ್ತಾರೆ.
ಯೋಜನೆ ಮೂರು ವರ್ಷದ್ದು.

ಕರೆಂಟು ಹೋದ ರಾತ್ರಿ
ಜನರೇಟರಿನ ಡೀಸೆಲ್ಲು ದ್ಯಾವಯ್ಯನ ಸ್ಕೂಟರಿನಲ್ಲಿ ಬಂತು,
ದುಡ್ಡು ಮೇಡಂ ಪರ್ಸಿನದು.
ಯಾವ ಪಾಲಿಗೆ ಹಾಕಲಿ ಎಂದು ದಿಲ್ಲಿಗೆ ಬರೆದೆ.
ದಿಲ್ಲಿ, ಬೆಂಗಳೂರನ್ನು ಕೇಳಿ ಎಂದಿತು.
ಬೆಂಗಳೂರು, ದಿಲ್ಲಿಯ ಪತ್ರದ ಪ್ರತಿ ಕೇಳಿತು.

ಅಷ್ಟರಲ್ಲಿ ಆಷಾಢ. ತಾಕಿನಲ್ಲಿ ಸಾಲಿಗೆ ಸಾಲೇ ಕಪ್ಪಾಗಿ
ಕೊಳೆತ ವಾಸನೆ ನನ್ನ ಮೇಜಿನವರೆಗೂ.
ಹದಿನೇಳನೇ ಸಾಲಿನಲ್ಲಿ ನಾಲ್ಕು ಗಿಡ ಹಸಿರು.
ಮೇಡಂ ಮಂಡಿಯೂರಿ ನೋಡಿದರು, ನಗಲಿಲ್ಲ.
"ಇನ್ನೊಂದು ಮಳೆಗಾಲ ಕಾಣಲಿ" ಅಂದರು.

ಒಳಬಂದು ಆ ಡೀಸೆಲ್ ಚೀಟಿಯನ್ನು
ಬಾಕಿ ಕಡತಕ್ಕೆ ಮತ್ತೆ ಪಿನ್ ಮಾಡಿದೆ.
ಕೈಗೆ ಮಣ್ಣಾಗಿತ್ತು; ಚೀಟಿಗೂ ಆಯಿತು.