ಕಿಲೋಗೆ ಒಂಬತ್ತು

ಬಂದರಿನ ಗುಜರಿಯಲ್ಲಿ ದೋಣಿಯನ್ನು
ತಕ್ಕಡಿಗೆ ಹಾಕುತ್ತಾರೆ.
ಮೊಳೆ ಬೇರೆ, ಹಲಗೆ ಬೇರೆ.
ತಾಮ್ರಕ್ಕಿರುವ ಮರ್ಯಾದೆ ಮರಕ್ಕಿಲ್ಲ:
ಹೆಬ್ಬಲಸು ಕಿಲೋಗೆ ಒಂಬತ್ತು,
ಅದು ಕುಡಿದ ಉಪ್ಪುನೀರಿಗೂ ಅದೇ ರೇಟು.

"ಸಮುದ್ರಕ್ಕೂ ದುಡ್ಡು ಕೊಡುದಾ ನೀನು?"
ಟೆಂಪೋದ ಹಿಂದೆ ಹಲಗೆಯ ರಾಶಿ ಹತ್ತಿ ಕೂತು
ಇದಿನಬ್ಬ ಕೇಳಿದರು.
ನಲವತ್ತು ವರ್ಷ ದೋಣಿ ಕಟ್ಟಿದ ಕೈ.
ಈಗ ಫೈಬರಿನವರು ಕರೆಯುವುದಿಲ್ಲ,
ನಾನು ಕರೆದೆ.

ಬೋಳಾರದಲ್ಲಿ, ಬೀಗ ಬಿದ್ದ ಹೆಂಚಿನ ಕಾರ್ಖಾನೆಯ
ಒಂದು ಮೂಲೆಯ ಶೆಡ್ಡು ನನ್ನದು.
ಇಡೀ ಬೇಸಗೆ ಮರ ಬೆವರುತ್ತದೆ,
ಬೆವರಿದ್ದು ಒಣಗಿ ಬೆಳ್ಳಗೆ ಕೂರುತ್ತದೆ.
ಅವರು ಬೆರಳು ಒತ್ತಿ, ನಾಲಿಗೆಗೆ ಮುಟ್ಟಿಸಿ
"ಇನ್ನೂ ಹದಿನೈದು ದಿನ" ಅನ್ನುತ್ತಾರೆ,
ಸಾರಿನ ರುಚಿ ನೋಡಿದ ಹಾಗೆ.

ಹತ್ತರಿ ಓಡಿಸಿದರೆ
ಕಪ್ಪು ಎಣ್ಣೆಜಿಡ್ಡಿನ ಕೆಳಗೆ ಅರಶಿನ.
ಅಷ್ಟರಲ್ಲಿ ಟಣ್ ಎಂದು
ಒಳಗೆಲ್ಲೋ ಮುರಿದುಳಿದ ಮೊಳೆ, ಅಲಗು ಬಾಯಿ ಹಾರಿತು.
ಹೊಡೆದವನ ಏಳು ತಲೆಮಾರಿಗೆ ಬೈದು
ಮೊಳೆಯ ತಲೆಯನ್ನು ಬಗ್ಗಿ ನೋಡಿ
ಇದಿನಬ್ಬ ಸುಮ್ಮನಾದರು.
"ನಾನೇ ಇರಬೇಕು."

ಸಮುದ್ರದ ಹುಳ ತಿಂದ ಹಲಗೆಗಳೂ ಬಂದಿದ್ದವು,
ಗುಜರಿಯವ ಪುಕ್ಕಟೆ ಎಸೆದದ್ದು.
ದೋಣಿಯನ್ನು ಕೊಂದದ್ದು ಅದೇ ತೂತುಗಳು.
ಅವುಗಳ ಹಿಂದೆ ಬಲ್ಬು ಇಟ್ಟೆ.
ಪುಣೆಯ ಹೋಟೆಲಿನವರಿಗೆ ಹನ್ನೆರಡು ದೀಪ ಬೇಕಂತೆ,
ಎಲ್ಲ ಒಂದೇ ನಮೂನೆ.
ಹುಳಕ್ಕೆ ಹೇಳಬೇಕು.

ಮೊನ್ನೆ ಮೀನಿನ ಬುಟ್ಟಿ ಇಳಿಸಿದ ಜಲಜಕ್ಕ
ಬಂಗುಡೆ ಎಣಿಸುವುದು ಬಿಟ್ಟು
ಬಾಗಿಲಬಳಿಯ ಸ್ಟೂಲನ್ನೇ ನೋಡಿದರು.
ಅದರ ನೆತ್ತಿಯಲ್ಲಿ ನೀಲಿ ಬಣ್ಣದ
'ಸಾದ' ಉಳಿದಿದೆ.
'ಪ್ರ' ಹೋಗಿದೆ, ಅದರ ಹಿಂದೆ ಇದ್ದ ದೇವಿಯೂ.
ಉಜ್ಜಿ ತೆಗೆಯಲು ನನಗೆ ಮನಸ್ಸು ಬಂದಿರಲಿಲ್ಲ.

ಪರೆ ಅಂಟಿದ ಬೆರಳಲ್ಲಿ
ಎರಡೂ ಅಕ್ಷರ ತಿದ್ದಿದರು ನಿಧಾನ.
"ಇದು ನಮ್ಮದಲ್ಲ" ಅಂದರು,
"ನಮ್ಮ ದೋಣಿ ಇಷ್ಟು ಚಂದ ಇರಲಿಲ್ಲ."
ಕೂತರು. ಎದ್ದರು. ಎಷ್ಟು, ಅಂದರು.
ಹೇಳಿದೆ.
ಕುತ್ತಿಗೆಯ ಕರಿಮಣಿ ಕುಣಿಯುವಷ್ಟು ನಕ್ಕು
"ಇಷ್ಟಕ್ಕೆ ನಮ್ಮವರು ಒಂದು ಬಲೆ ತರ್ತಿದ್ದರು."

ಹಾಗೇ ಕೊಂಡುಹೋಗಿ ಅನ್ನಲು ಬಾಯಿ ತೆರೆದೆ.
ಅವರು ಆಗಲೇ ಬಗ್ಗಿದ್ದರು,
ಖಾಲಿ ಬುಟ್ಟಿಗೆ ಹೆರೆದ ಸುರುಳಿ, ತುಂಡು, ಚಕ್ಕೆ
ಬಾಚಿ ತುಂಬುತ್ತಿದ್ದರು.
"ಬಚ್ಚಲೊಲೆಗೆ ಆಯ್ತು. ಇದಕ್ಕೆ ರೇಟಿಲ್ಲ ಅಲ್ವಾ?"
ಇಲ್ಲ ಅಂದೆ.
ಆದರೂ ಕಟ್ಟೆಯ ಮೇಲೆ ಎರಡು ಬಂಗುಡೆ ಇಟ್ಟೇ ಹೋದರು.

ರಾತ್ರಿ ಎಂಟಕ್ಕೆ ಫೋನು.
"ಮಾರಾಯ್ತಿ, ಎಂತ ಮರ ಕೊಟ್ಟದ್ದು ನೀನು?
ಬೆಂಕಿ ನೀಲಿ ಉರೀತಾ ಉಂಟು!
ನಡುನಡುವೆ ಹಸಿರು!
ನೀರು ಕುದಿದು ಅರ್ಧ ಆಯ್ತು,
ಸ್ನಾನಕ್ಕೆ ಒಬ್ಬರೂ ಏಳ್ತಾ ಇಲ್ಲ,
ಮಕ್ಕಳು, ಇವರು, ಎಲ್ಲ ಒಲೆಯ ಮುಂದೆಯೇ..."

ಆಮೇಲೆ ಮಾತಿಲ್ಲ.
ಉಪ್ಪು ಸಿಡಿಯುವ ಸದ್ದು ಮಾತ್ರ ಕೇಳುತ್ತಿತ್ತು.
ಫೋನು ಇಡಲು ಅವರು ಮರೆತಿದ್ದರು.
ನಾನೂ ಇಡಲಿಲ್ಲ.