ಉಮ್ ರುಕೈಬ

ನನ್ನ ಕೆಲಸ ಹಳಿಯ ಮೇಲಿನ ಮರಳು ತೆಗೆಯುವುದು.
ವೀಸಾದಲ್ಲಿ ಬಡಗಿ ಅಂತ ಇತ್ತು, ಇರಲಿ.
ಹುಫೂಫಿನಿಂದ ದಕ್ಷಿಣಕ್ಕೆ ಮೂರನೇ ನಿಲ್ದಾಣ,
ಒಂದು ಕೋಣೆ, ನೀರಿನ ಟ್ಯಾಂಕಿ, ತೂಕದ ಯಂತ್ರ,
ಮಾಸ್ತರ ಮುತ್ಲಕ್, ಬಲೂಚಿ ಶಂಬೆ, ನಾನು.

ಉಮ್ ರುಕೈಬ ಅಂದರೆ ಪುಟ್ಟ ಮೊಣಕಾಲಿನ ತಾಯಿ.
ರೈಲಿಗೂ ಮುಂಚೆ ಇಲ್ಲಿ ಬಾವಿಯಿತ್ತಂತೆ,
ಒಂಟೆಗಳು ಮಂಡಿಯೂರುತ್ತಿದ್ದವಂತೆ.
ಮೊದಲ ಗಾಡಿ ಬಂದಾಗ ಅವು ಹೆದರಿ ಓಡಲಿಲ್ಲ,
ಇದೂ ಮಂಡಿಯೂರೀತೆಂದು ಕಾದು ನಿಂತವು.
ಹೀಗೆ ಹೇಳಿ ಮುತ್ಲಕ್ ತಾನೇ ನಗುವನು.
ಮೂವತ್ತು ಸಲ ಕೇಳಿ ಮೂವತ್ತು ಸಲ ನಕ್ಕಿದ್ದೇನೆ.

ಶಮಾಲ್ ಗಾಳಿ ಬೀಸಿದ ರಾತ್ರಿ ಹಳಿಯೇ ಮಾಯ.
ಸುಬುಹಿಗೆ ಎದ್ದು ಸಲಿಕೆ ಹಿಡಿದು ಕಬ್ಬಿಣ ಹುಡುಕಬೇಕು,
ನೇತ್ರಾವತಿಯ ಅಳಿವೆಯಲ್ಲಿ ಮರುವಾಯಿ ಹುಡುಕಿದ ಹಾಗೆ.
ಕಾಲ್ಬೆರಳಿಗೇ ಮೊದಲು ಗೊತ್ತಾಗುವುದು.

ಮಂಗಳವಾರ ಉಮ್ ಸುವೈದ್ ಬರುವಳು,
ಕತ್ತೆಯ ಮೇಲೆ ಎರಡು ತೊಗಲ ಚೀಲ ತುಪ್ಪ,
ಹುಫೂಫಿನ ಮಗಳಿಗೆ.
ತೂಗಿ, ಚೀಟಿ ಬರೆದು, ಮೊಹರು ಒತ್ತಿ ಕೊಟ್ಟರೆ
ಮೂಸಿ ನೋಡಿ ಮುಸುಕಿನೊಳಗೆ ಇಟ್ಟುಕೊಳ್ಳುವಳು.
ಓದು ಬಾರದು. ಶಾಯಿ ಹಸಿಯಿದ್ದರೆ ಚೀಟಿ ನಿಜ.

ಆಮೇಲೆ ಹೊಸ ಹಳಿ ಬಂತು, ಉತ್ತರದಲ್ಲಿ, ನೆಟ್ಟಗೆ.
ನಮ್ಮ ಗಾಡಿ ನಿಂತದ್ದು ಒಂದು ಬುಧವಾರ.
ಫೋನಿನಲ್ಲಿ ನಾಲ್ಕು ಮಾತು, ಅಷ್ಟೆ.
ಶಂಬೆ ಕೈಮರಕ್ಕೆ ಎಣ್ಣೆ ಹಚ್ಚಿ ಇಳಿಸಿದ.
ಯಾಕೆ ಎಣ್ಣೆ ಅಂತ ಯಾರೂ ಕೇಳಲಿಲ್ಲ.
ಮೇಲಿನವರು ಮರೆತರೋ ಏನೋ, ಸಂಬಳ ಬರುತ್ತಲೇ ಇತ್ತು.
ನಾನೂ ಗುಡಿಸುತ್ತಲೇ ಇದ್ದೆ.

ಮುಂದಿನ ಮಂಗಳವಾರ ಕತ್ತೆ ಬಂತು.
ಮುತ್ಲಕ್ ತಲೆವಸ್ತ್ರ ಸರಿಪಡಿಸಿಕೊಂಡು ತೂಗಿದ,
ಬರೆದ, ಒತ್ತಿದ. ಅವಳು ಮೂಸಿದಳು.
ಕತ್ತೆ ದಿಬ್ಬ ದಾಟಿದ ಮೇಲೆ
ಚೀಲಗಳನ್ನು ತನ್ನ ಡಾಟ್ಸನ್ನಿನ ಹಿಂದೆ ಹೇರಿ
ಎಪ್ಪತ್ತು ಕಿಲೋಮೀಟರು ಮರಳಲ್ಲಿ ಓಡಿಸಿದ.
ಹೀಗೇ ಹದಿನಾಲ್ಕು ಮಂಗಳವಾರ.

ಹದಿನೈದನೆಯದಕ್ಕೆ ಮೂರು ಚೀಲ ತಂದಳು.
ಮೂರನೆಯದು ತೂಗಬೇಡ ಅಂದಳು,
ಇದು ಗಾಡಿ ಓಡಿಸುವವನಿಗೆ.
ಮುತ್ಲಕ್ ಹಳಿಯ ಕಡೆ ನೋಡಿದ.
ನಾನೆಷ್ಟು ಗುಡಿಸಿದ್ದರೂ ಅದು ಕೆಂಪಾಗಿತ್ತು.

ಹೋದ ವರ್ಷ ಉಮ್ರಾ ಮುಗಿಸಿ
ದಮ್ಮಾಮಿನ ಅಳಿಯನನ್ನು ಕಾಡಿ ಬೇಡಿ ಅಲ್ಲಿಗೆ ಹೋದೆ.
ಕೋಣೆಗೆ ಮಾಡಿಲ್ಲ. ಹಳಿ ಕಿತ್ತೊಯ್ದಿದ್ದಾರೆ.
ತೂಕದ ಯಂತ್ರ ಮಾತ್ರ ಯಾರಿಗೂ ಬೇಡವಾಗಿದೆ,
ತಟ್ಟೆಯ ತುಂಬ ಮರಳು,
ಮುಳ್ಳು ಹನ್ನೊಂದು ಕಿಲೋ ತೋರಿಸುತ್ತಿದೆ.

ಹಳೆಯ ಚಟ, ಅಂಗೈಯಲ್ಲೇ ಗುಡಿಸಿದೆ,
ಒಂದು ಕಣವೂ ಉಳಿಯದ ಹಾಗೆ.
ಮುಳ್ಳು ಒಂಬತ್ತಕ್ಕೆ ಇಳಿದು ಅಲ್ಲೇ ನಿಂತಿತು.

ಅಳಿಯ ಹಾರ್ನ್ ಹೊಡೆದ.